ಪದಚರ್ಚೆ: ಕಾಡು ‘ಹೋಳಾಗುವುದು’ ಬೇರೆ, ‘ಸೊರಗುವುದು’ ಬೇರೆ

ಗೆಳೆಯರೇ,

ವನ್ಯಜೀವಿಗಳ ಬಗ್ಗೆ ಒಂದು ಬರಹ ತಿದ್ದುತ್ತಿದ್ದೆ. ‘ಹ್ಯಾಬಿಟ್ಯಾಟ್ ಫ್ರಾಗ್ಮೆಂಟೇಶನ್’ಗೆ, ಅಂದರೆ ಜೀವಿಗಳು ಬಾಳುವ ಜಾಗ ತುಂಡುತುಂಡಾಗುವುದಕ್ಕೆ, ಅದರಲ್ಲಿ ಒಂದು ಕಡೆ ‘ಆವಾಸಸ್ಥಾನದ ವಿಘಟನೆ’ ಎಂದಿತ್ತು, ಇನ್ನೊಂದು ಕಡೆ ‘ಛಿದ್ರೀಕರಣ’. ಮುಂದೆ ‘ಡಿಗ್ರೆಡೇಶನ್’ (ಆ ಜಾಗದ ಗುಣ ಕೆಡುವುದು) ಬಂದಾಗಲೂ ಅದೇ ವಿಘಟನೆ! ಓದುವವರು ಏನಂದುಕೊಳ್ಳಬೇಕು? ಒಟ್ಟಿನಲ್ಲಿ ಕಾಡು ಹಾಳಾಯಿತು, ಅಷ್ಟೇ ಅಲ್ವಾ ಅಂತ.

ವಿಘಟನೆ ಎಂಬ ಪದಕ್ಕೆ ಜೀವಶಾಸ್ತ್ರದಲ್ಲಿ ಆಗಲೇ ಬೇರೆ ಕೆಲಸವಿದೆ. ಉದುರಿದ ಎಲೆ ಕೊಳೆತು ಮಣ್ಣಾಗುವುದು ವಿಘಟನೆ. ಛಿದ್ರ ಎಂದರೆ ಬಾಂಬು ಸಿಡಿದ ಹಾಗೆ ಕೇಳಿಸುತ್ತದೆ. ‘ಹರಿದು ಹಂಚಿಹೋಗು’ ಎಂಬ ಮಾತೂ ಹೊಳೆಯಿತು. ಚೆಂದವಾಗಿದೆ, ಆದರೆ ಅದರಲ್ಲಿ ದಿಕ್ಕಾಪಾಲಾದ ಭಾವ ಜಾಸ್ತಿ. ಕಾಡು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ತುಂಡಾಗುತ್ತದೆ.

ನನಗೆ ಸರಿಯೆನಿಸಿದ್ದು ‘ಹೋಳು’. ಹೋಳು ತಾನಾಗಿ ಆಗುವುದಿಲ್ಲ, ಯಾರೋ ಕೊಯ್ಯಬೇಕು. ಇಲ್ಲಿ ಕೊಯ್ಯುವುದು ರಸ್ತೆ, ರೈಲುಹಳಿ, ಕಾಲುವೆ, ಹೊಲ. ಇನ್ನೊಂದು ಕಾರಣವೂ ಇದೆ. ಕೊಯ್ದಿಟ್ಟ ಹಣ್ಣು ಒಣಗುವುದು ಕೊಯ್ದ ಬದಿಯಿಂದ. ಕಾಡೂ ಹಾಗೇ. ಬಿಸಿಲು, ಒಣಗಾಳಿ, ಕಳೆ, ಬೆಂಕಿ ಎಲ್ಲವೂ ಅಂಚಿನಿಂದ ಒಳಗೆ ನುಗ್ಗುತ್ತವೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಕಾಡು, ಅಂದರೆ 100 ಹೆಕ್ಟೇರ್. ಸುತ್ತಲಿನ ಅಂಚು 4 ಕಿಲೋಮೀಟರ್. ಅಂಚಿನ ಕಾಟ 100 ಮೀಟರ್ ಒಳಗೆ ಬರುತ್ತದೆ ಎಂದುಕೊಂಡರೆ ನಡುವೆ 64 ಹೆಕ್ಟೇರ್ ತಂಪಾಗಿ ಉಳಿಯುತ್ತದೆ. ಅಷ್ಟೇ ಕಾಡು ಒಂದೊಂದು ಹೆಕ್ಟೇರಿನ 100 ಹೋಳುಗಳಾಗಿ ಬೇರೆಬೇರೆ ಕಡೆ ಇದ್ದರೆ? ಅಂಚು 40 ಕಿಲೋಮೀಟರ್. ಒಳಗಾಡು ಸೊನ್ನೆ. ಕಾಗದದ ಮೇಲೆ ಮಾತ್ರ ಆಗಲೂ 100 ಹೆಕ್ಟೇರ್!

ಇದನ್ನು ವಿಜ್ಞಾನಿಗಳು ನೆಲದ ಮೇಲೂ ನೋಡಿದ್ದಾರೆ. ಬ್ರೆಜಿಲ್‌ನ ಮನೌಸ್ ಹತ್ತಿರ ದನಗಳ ಹುಲ್ಲುಗಾವಲಿಗೆಂದು ಅಮೆಜಾನ್ ಕಾಡು ಕಡಿಯುವಾಗ 1, 10, 100 ಹೆಕ್ಟೇರಿನ ಹೋಳುಗಳನ್ನು ಬೇಕೆಂದೇ ಉಳಿಸಿಕೊಂಡರು. 1979ರಲ್ಲಿ ಶುರುವಾದ ಪ್ರಯೋಗ ಅದು. ಅಂಚಿನ ಹತ್ತಿರದ ದೊಡ್ಡ ಮರಗಳು ಬೇಗ ಬೇಗ ಸತ್ತವು. ಸೈನಿಕ ಇರುವೆಗಳ ದಂಡಿನ ಹಿಂದೆ ಹೋಗಿ ಹುಳ ಹಿಡಿಯುವ ಹಕ್ಕಿಗಳು ಸಣ್ಣ ಹೋಳುಗಳಿಂದ ಮಾಯವಾದವು.

ಡಿಗ್ರೆಡೇಶನ್ ಇದಲ್ಲ. ಕಾಡು ಇಡಿಯಾಗಿಯೇ ಇರಬಹುದು, ಆಕಾಶದಿಂದ ನೋಡಿದರೆ ಹಸಿರೇ. ಕೆಳಗೆ ಬಂದರೆ ಸಸಿಗಳನ್ನು ದನ ಮೇಯ್ದಿರುತ್ತವೆ, ದೊಡ್ಡ ಮರ ಹೋಗಿರುತ್ತದೆ, ಲಾಂಟಾನಾ ಕಳೆ ಹಬ್ಬಿರುತ್ತದೆ. ಇದಕ್ಕೆ ‘ಅವನತಿ’ ಎಂದರೆ ಯಾವುದೋ ರಾಜವಂಶದ ಕತೆಯಂತಾಗುತ್ತದೆ. ‘ಸೊರಗು’ ಆಗಬಹುದಾ? ಮನುಷ್ಯ ಸೊರಗಿದ್ದಾನೆ ಎಂದರೆ ಬದುಕಿದ್ದಾನೆ, ಮೈಯಲ್ಲಿ ಕಸುವಿಲ್ಲ ಎಂದು. ಸರಿಯಾಗಿ ನೋಡಿಕೊಂಡರೆ ಚೇತರಿಸಿಕೊಂಡಾನು ಎಂಬ ಅರ್ಥವೂ ಅದರಲ್ಲಿದೆ. ‘ಹಾಳು’ ಪದದಲ್ಲಿ ಅದಿಲ್ಲ.

‘ಹ್ಯಾಬಿಟ್ಯಾಟ್’ಗೆ ‘ನೆಲೆ’ ಸಾಕು. ಕಾಡು ಎಂದಷ್ಟೇ ಬರೆದರೆ ಹುಲ್ಲುಗಾವಲು, ಕೆರೆ, ಹೊಳೆ ಹೊರಗುಳಿಯುತ್ತವೆ. ಅಣೆಕಟ್ಟು ಹೊಳೆಯನ್ನೂ ಹೋಳು ಮಾಡುತ್ತದೆ. ಮೊಟ್ಟೆಯಿಡಲು ಮೇಲಕ್ಕೆ ಹೊರಟ ಮೀನು ಗೋಡೆಯ ಬುಡದಲ್ಲೇ ನಿಲ್ಲಬೇಕು.

ತೊಡಕಿರುವುದು ತಲೆಬರಹದಲ್ಲಿ. ‘ನೆಲೆ ಹೋಳಾಗುವುದು’ ವಾಕ್ಯದೊಳಗೆ ಸಲೀಸು, ಆದರೆ ಪಾರಿಭಾಷಿಕ ಪದದ ಗತ್ತಿಲ್ಲ. ‘ಹೋಳಿಕೆ’ ಮಾಡೋಣವೆಂದರೆ ಎಲ್ಲರೂ ಅಚ್ಚಿನ ತಪ್ಪೆಂದುಕೊಂಡು ‘ಹೋಲಿಕೆ’ ಎಂದೇ ಓದುತ್ತಾರೆ. ನಾನಂತೂ ಗತ್ತು ಬಿಟ್ಟು ‘ನೆಲೆ ಹೋಳಾಗುವುದು’ ಎಂದೇ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಹೋಳಿನಲ್ಲಿ ಸಿಕ್ಕಿಕೊಂಡ ಪ್ರಾಣಿಗಳಿಗೆ ‘ಪ್ರತ್ಯೇಕಗೊಂಡ’ ಎನ್ನುವ ಬದಲು ‘ಒಂಟಿಬಿದ್ದ’ ಎಂದಿದ್ದೇನೆ. ಅಮೆರಿಕದ ಫ್ಲಾರಿಡಾದ, ಪ್ಯೂಮಾ ಎಂಬ ದೊಡ್ಡ ಬೆಕ್ಕಿನ ಜಾತಿಗೇ ಸೇರಿದ ಪ್ಯಾಂಥರ್‌ಗಳು ಹಾಗೆ ಒಂಟಿಬಿದ್ದು, ತಮ್ಮ ತಮ್ಮಲ್ಲೇ ಕೂಡಿ, ಮರಿಗಳಿಗೆ ಡೊಂಕು ಬಾಲ, ಹೃದಯದ ದೋಷ ಬಂದಿತ್ತು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾ ತಂದು ಬಿಟ್ಟ ಮೇಲೆ ಸಂತತಿ ಸುಧಾರಿಸಿತು.

ಕೊನೆಯದಾಗಿ ಒಂದು ಪದ, ಇದಕ್ಕೆ ಉತ್ತರ ಬೇಕೇಬೇಕು. ‘ಎಕ್ಸ್‌ಟಿಂಕ್ಷನ್ ಡೆಟ್’. ಮರ ನಿಂತಿದೆ, ಹಣ್ಣೂ ಬಿಡುತ್ತದೆ. ಬೀಜ ಒಯ್ಯುತ್ತಿದ್ದ ದೊಡ್ಡ ಹಕ್ಕಿ ಆ ಹೋಳಿನಲ್ಲಿಲ್ಲ. ಮರ ಇನ್ನೂ ನೂರು ವರ್ಷ ಬದುಕಬಹುದು, ಆದರೆ ಅದರ ವಂಶ ಅಲ್ಲಿಗೆ ನಿಂತಂತೆ. ಕಾಡು ಕಡಿದದ್ದು ಇವತ್ತು, ಅಳಿವು ಆಮೇಲೆ. ‘ಅಳಿವಿನ ಸಾಲ’ ಎಂದು ಬರೆದೆ. ಸಾಲ ಎಂದರೆ ಮಾಡಿದವರು ತೀರಿಸುತ್ತಾರೆ ಅನಿಸುತ್ತದೆ. ಇಲ್ಲಿ ತೀರಿಸುವುದು ಮರ. ‘ಬಾಕಿ ಅಳಿವು’ ಎನ್ನಲೇ?