ಗಿಡದ ಟ್ಯಾಂಕ್: ಹೊಸ ಎಲೆಗಳೆಲ್ಲ ಸುರುಟಿಕೊಳ್ಳುತ್ತಿವೆ, ಏನು ಮಾಡಲಿ?

ಗಾಜಿನಕೊಳ: ಎರಡಡಿ ಮೀನಿನ ಟ್ಯಾಂಕ್, ಒಳಗೆ ನೀರಿನ ಗಿಡ. ಕೆಲಸ ಕಡಿಮೆ ಇರಲಿ ಅಂತ ಸುಲಭದ ಗಿಡಗಳನ್ನೇ ಹಾಕಿದ್ದೇನೆ. ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ಮರದ ತುಂಡಿಗೆ ಕಟ್ಟಿದ ಅನುಬಿಯಾಸ್. ಅಡಿಯಲ್ಲಿ ಬರೀ ಮರಳು. ಹಳೇ ಎಲೆ ಚೆನ್ನಾಗಿವೆ. ಹೊಸದಾಗಿ ಬರುವುದೆಲ್ಲ ಪುಟ್ಟದು, ಸುರುಟಿದ್ದು, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಅಂಗಡಿಯವರು ಹೇಳಿದ ಗೊಬ್ಬರವೆಲ್ಲ ಹಾಕಿ ಸಾಕಾಯಿತು!

ಹಸಿರುಪಾಚಿ: ಲೈಟ್ ಜಾಸ್ತಿ ಆಗಿದೆ. ಆರು ಗಂಟೆಗೆ ಇಳಿಸಿ.

ಗಾಜಿನಕೊಳ: ಟೈಮರ್ ಇದೆ ಸರ್, ಏಳು ಗಂಟೆ ಅಷ್ಟೇ. ಪಾಚಿಯೂ ಇಲ್ಲ.

ಹಸಿರುಪಾಚಿ: ಆದರೂ ಲೈಟೇ. ಎಷ್ಟು ವ್ಯಾಟ್? ನೀರಿನಿಂದ ಎಷ್ಟು ಎತ್ತರದಲ್ಲಿದೆ?

ನಾಲ್ಕಡಿತೊಟ್ಟಿ: ಬರೀ ಮರಳಲ್ಲಿ ಗಿಡ ಬರುತ್ತಾ? ನಾನು ಒಂದಿಂಚು ತೋಟದ ಮಣ್ಣು ಹಾಕಿ ಮೇಲೆ ಮರಳು ಮುಚ್ಚಿದ್ದೇನೆ. ರೋಟಾಲಾ ಮ್ಯಾಕ್ರಾಂಡ್ರಾ ಕೆಂಪಗೆ ಉರಿಯುತ್ತಿದೆ. ನಮ್ಮ ಪಶ್ಚಿಮ ಘಟ್ಟದ್ದೇ ಗಿಡ. ಸಂಜೆ ಫೋಟೋ ಹಾಕುತ್ತೇನೆ.

ಹಸಿರುಪಾಚಿ: ಅನುಬಿಯಾಸ್ ಮರದ ಮೇಲಿದೆ, ಅದಕ್ಕೆ ಮಣ್ಣೇನು ಮಾಡುತ್ತೆ? ಸುಮ್ನೆ ದಾರಿ ತಪ್ಪಿಸಬೇಡಿ.

ಕೆರೆಯಂಗಳ: ನೀರು ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ.

ಗಾಜಿನಕೊಳ: ಬೋರ್‌ವೆಲ್. ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್. ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 750.

ನಾಲ್ಕಡಿತೊಟ್ಟಿ: ಹಾಗಾದ್ರೆ ಗಡಸು ನೀರು. ಕ್ಯಾಲ್ಸಿಯಂ ಬೇಕಾದಷ್ಟಿದೆ.

ಕೆರೆಯಂಗಳ: ತಡೀರಿ. ಸಾಫ್ಟ್‌ನರ್ ಇದೆಯಾ? ಸೋಪು ಎಷ್ಟು ತೊಳೆದರೂ ಮೈ ಜಾರುತ್ತಾ? ನಲ್ಲಿ ಮೂತಿಗೆ ಬಿಳಿ ಪೊರೆ ಕಟ್ಟುತ್ತಾ?

ಗಾಜಿನಕೊಳ: ಜಾರುತ್ತದೆ. ಬಿಳಿ ಕಟ್ಟುವುದಿಲ್ಲ. ಸಾಫ್ಟ್‌ನರ್ ಇಡೀ ಬಿಲ್ಡಿಂಗಿಗೆ ಇದೆ. ಎಲ್ಲ ಕಡೆ ಇರುತ್ತದೆ ಅಲ್ವಾ?

ಕೆರೆಯಂಗಳ: ಅಲ್ಲೇ ಇದೆ ವಿಷಯ. ಸಾಫ್ಟ್‌ನರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಟಿಡಿಎಸ್ ಮೀಟರ್‌ಗೆ ಯಾವ ಉಪ್ಪು ಅಂತ ಗೊತ್ತಾಗುವುದಿಲ್ಲ. ಅದಕ್ಕೇ 750 ಹಾಗೇ ಕಾಣುತ್ತದೆ. ಗಿಡ ಕ್ಯಾಲ್ಸಿಯಂ ಅನ್ನು ಹಳೇ ಎಲೆಯಿಂದ ಹೊಸ ಎಲೆಗೆ ಸಾಗಿಸಲಾರದು. ಹಾಗಾಗಿ ಕೊರತೆ ಮೊದಲು ಚಿಗುರಿನಲ್ಲೇ ಕಾಣುತ್ತದೆ. ಗಡಸುತನ ಅಳೆಯುವ ಜಿಎಚ್ ಕಿಟ್ ತಂದು ನೋಡಿ. ನೀರು ಕಿತ್ತಳೆಯಿಂದ ಹಸಿರಾಗಲು ಹನಿ ಹೆಚ್ಚು ಬೇಕಾದಷ್ಟೂ ನೀರು ಗಡಸು.

ನಾಲ್ಕಡಿತೊಟ್ಟಿ: ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದರೆ ಆಯ್ತು.

ಕೆರೆಯಂಗಳ: ಈ ನೀರು ಮೊದಲೇ ಕ್ಷಾರ. ಚಿಪ್ಪು ಅದರಲ್ಲಿ ಅಷ್ಟಾಗಿ ಕರಗುವುದಿಲ್ಲ, ತಳದಲ್ಲೇ ಕೂರುತ್ತದೆ. ತೋಟಕ್ಕೆ ಬಿಡುವ ನಲ್ಲಿಗೆ ಸಾಮಾನ್ಯವಾಗಿ ನೀರು ಸಾಫ್ಟ್‌ನರ್ ಹಾಯದೆಯೇ ಬರುತ್ತದೆ. ಪ್ಲಂಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಆ ನೀರಿಗೆ ಅರ್ಧದಷ್ಟು, ಲವಣ ತೆಗೆದ ಆರ್‌ಒ ನೀರು ಬೆರೆಸಿ. ಒಂದೇ ಸಲ ಬದಲಿಸಬೇಡಿ, ವಾರಕ್ಕೆ ಕಾಲು ಭಾಗ ಸಾಕು. ಮೀನುಗಳೂ ಹೊಂದಿಕೊಳ್ಳಬೇಕಲ್ಲ.

ಗಾಜಿನಕೊಳ: ಕಿಟ್ ತಂದೆ. ಮನೆ ನಲ್ಲಿ ನೀರು ಮೊದಲ ಹನಿಗೇ ಕಿತ್ತಳೆ ಬಣ್ಣ ಕಾಣದೆ ಹಸಿರಾಯಿತು. ತೋಟದ ನಲ್ಲಿಯದು 20 ಹನಿ ದಾಟಿದ ಮೇಲೆ ಹಸಿರಾಯಿತು. ಇಂದು ಮೊದಲ ಕಾಲು ಭಾಗ ಬದಲಿಸಿದೆ. ಸುರುಟಿದ ಎಲೆ ಸರಿಹೋಗುತ್ತಾ?

ಕೆರೆಯಂಗಳ: ಅವು ಹಾಗೇ ಇರುತ್ತವೆ. ಮುಂದಿನ ಚಿಗುರು ನೋಡಿ. ಅನುಬಿಯಾಸ್ ನಿಧಾನದ ಗಿಡ, ಹೈಗ್ರೊಫಿಲಾದಲ್ಲಿ ಬೇಗ ಗೊತ್ತಾಗುತ್ತದೆ.

ಮಲ್ಲಿಗೆಬಳ್ಳಿ: ನಮ್ಮದು ಕಾವೇರಿ ನೀರು, ಸಾಫ್ಟ್‌ನರ್ ಇಲ್ಲ. ನನಗೂ ಎಲೆ ಹಾಳಾಗುತ್ತಿದೆ. ಏನು ಮಾಡಲಿ?

ಹಸಿರುಪಾಚಿ: ಲೈಟ್ ಎಷ್ಟು ಹೊತ್ತು ಮೇಡಂ?