ಬೇ ಏರಿಯಾದಲ್ಲಿ ಎಲಿಮೆಂಟರಿ ಸ್ಕೂಲ್: ರೇಟಿಂಗ್ ನೋಡಿ ಮನೆ ಹಿಡಿಯುವ ಮುಂಚೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಫ್ರೀಮಾಂಟ್, ಸನ್ನಿವೇಲ್, ಕ್ಯುಪರ್ಟಿನೊ ಕಡೆ ಮನೆ ಹುಡುಕುವ ನಮ್ಮವರೆಲ್ಲ ಮೊದಲು ಕೇಳೋದು ಸ್ಕೂಲಿನ ರೇಟಿಂಗ್. ಸ್ಕೂಲುಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ವೆಬ್‌ಸೈಟಿನಲ್ಲಿ 7 ಇದ್ದರೆ ಮುಖ ಸಪ್ಪಗಾಗುತ್ತದೆ, 9 ಇದ್ದರೆ ಬಾಡಿಗೆ ಎಷ್ಟಾದರೂ ಸರಿ ಅನ್ನುತ್ತಾರೆ. ಮಗು ಸೇರೋದು ಕಿಂಡರ್‌ಗಾರ್ಟನ್‌ಗೆ. ಆದರೆ ಆ ರೇಟಿಂಗ್‌ಗೆ ಮುಖ್ಯ ಆಧಾರವಾದ, ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಮಕ್ಕಳೂ ಬರೆಯುವ ಇಂಗ್ಲಿಷ್, ಗಣಿತ ಪರೀಕ್ಷೆ ಶುರುವಾಗುವುದು 3ನೇ ಕ್ಲಾಸಿನಿಂದ. ಅದಕ್ಕೂ ಮುಂಚೆ ಮಕ್ಕಳಿಗೆ ಓದೋದನ್ನು ಹೇಗೆ ಕಲಿಸುತ್ತಾರೆ ಅನ್ನೋದು ಆ ಅಂಕಿಯಲ್ಲಿ ನೇರವಾಗಿ ಕಾಣಿಸಲ್ಲ. ಮೇಲಾಗಿ, ಓದಿಕೊಂಡ ಅಪ್ಪ ಅಮ್ಮಂದಿರು, ಸಂಜೆ ಗಣಿತದ ಟ್ಯೂಷನ್, ಇವೆಲ್ಲ ಇರುವ ಏರಿಯಾದಲ್ಲಿ ಸ್ಕೋರ್ ಮೇಲೇ ಇರುತ್ತದೆ. 7ಕ್ಕೂ 9ಕ್ಕೂ ಇರುವ ಆ ವ್ಯತ್ಯಾಸಕ್ಕೆ ತಿಂಗಳು ತಿಂಗಳು ದುಡ್ಡು ಸುರಿಯಬೇಡಿ ಅಂತಲೇ ನಾನು ಹೇಳೋದು.

ಮನೆಯ ವಿಳಾಸ ಯಾವ ಸ್ಕೂಲಿಗೆ ಸೇರುತ್ತದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಊರಿನ ಹೆಸರೇ ಬೇರೆ, ಅಲ್ಲಿನ ಸರ್ಕಾರಿ ಸ್ಕೂಲುಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟೇ ಬೇರೆ. ಸ್ಯಾನ್ ಹೋಸೆ, ಸನ್ನಿವೇಲ್‌ನ ಕೆಲವು ಭಾಗಗಳು ಕ್ಯುಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ. ಅದು 8ನೇ ಕ್ಲಾಸಿನವರೆಗೆ ಮಾತ್ರ. ಆಮೇಲೆ ಹೈಸ್ಕೂಲು ಫ್ರೀಮಾಂಟ್ ಯೂನಿಯನ್ ಅನ್ನುವ ಇನ್ನೊಂದು ಡಿಸ್ಟ್ರಿಕ್ಟ್‌ನದು. ಅದಕ್ಕೂ ಫ್ರೀಮಾಂಟ್ ಊರಿಗೂ ಸಂಬಂಧ ಇಲ್ಲ, ಹೊಸದಾಗಿ ಬಂದವರು ಇಲ್ಲೇ ಗೊಂದಲ ಮಾಡಿಕೊಳ್ತಾರೆ. ಒಂದು ಸ್ಕೂಲಿನ ಗಡಿಯೊಳಗೆ ಮನೆ ಇದ್ದ ಮಾತ್ರಕ್ಕೆ ಸೀಟು ಗ್ಯಾರಂಟಿ ಅಂತಲೂ ಇಲ್ಲ. ಆ ಕ್ಲಾಸು ಭರ್ತಿಯಾಗಿದ್ದರೆ ಅದೇ ಡಿಸ್ಟ್ರಿಕ್ಟ್‌ನ ಇನ್ನೊಂದು ಸ್ಕೂಲಿಗೆ ಕಳಿಸುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ, ನಿಮ್ಮ ಮಗುವಿನ ಕ್ಲಾಸಿನಲ್ಲಿ ಜಾಗ ಇದೆಯಾ ಅಂತ ಕೇಳಿ. ಮನೆ ತೋರಿಸುವ ಏಜೆಂಟರ ಮಾತು ಇದಕ್ಕೆ ಸಾಲಲ್ಲ. ಗಡಿಗಳೂ ಬದಲಾಗುತ್ತವೆ. ಮಕ್ಕಳ ಸಂಖ್ಯೆ ಇಳಿದು ಕ್ಯುಪರ್ಟಿನೊ ಯೂನಿಯನ್ 2022ರಲ್ಲಿ ಕೆಲವು ಎಲಿಮೆಂಟರಿ ಸ್ಕೂಲುಗಳನ್ನು ಮುಚ್ಚಿತು.

ರಾಜ್ಯ ಸರ್ಕಾರದ ಸ್ಕೂಲ್ ಡ್ಯಾಶ್‌ಬೋರ್ಡ್ ಅನ್ನುವ ವೆಬ್‌ಸೈಟ್ ಕೂಡ ನೋಡಿ. ಎಲ್ಲಕ್ಕಿಂತ ಕೆಳಗಿನ ಕೆಂಪಿನಿಂದ ಎಲ್ಲಕ್ಕಿಂತ ಮೇಲಿನ ನೀಲಿವರೆಗೆ ಐದು ಬಣ್ಣ ಕೊಡುತ್ತಾರೆ, ಹಿಂದಿನ ವರ್ಷಕ್ಕಿಂತ ಏರಿದೆಯೋ ಇಳಿದಿದೆಯೋ ಅನ್ನೋದೂ ಅದರಲ್ಲಿ ಸೇರಿರುತ್ತದೆ. ಶಾಲೆಯ ದಿನಗಳಲ್ಲಿ ನೂರಕ್ಕೆ ಹತ್ತರಷ್ಟೋ ಅದಕ್ಕಿಂತ ಜಾಸ್ತಿಯೋ ತಪ್ಪಿಸಿಕೊಂಡ ಮಕ್ಕಳ ಲೆಕ್ಕವೂ ಅಲ್ಲಿದೆ. ವರ್ಷಕ್ಕೆ 180 ದಿನ ಶಾಲೆ ಅಂದರೆ 18 ದಿನ. ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಜನವರಿ ಕೊನೆಗೆ ಬರುವ ನಮ್ಮ ಮಕ್ಕಳು ಸಲೀಸಾಗಿ ಆ ಲೆಕ್ಕಕ್ಕೆ ಬಂದುಬಿಡ್ತಾರೆ. ಟಿಕೆಟ್ ಮಾಡಿಸುವ ಮುಂಚೆಯೇ ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಸ್ಕೂಲು ಕೊಟ್ಟ ಪಾಠವನ್ನು ಹೊರಗಿದ್ದೇ ಮಾಡುವ ವ್ಯವಸ್ಥೆ, ಕೊಡ್ತಾರಾ ಅಂತ ಸ್ಕೂಲಿನಲ್ಲಿ ವಿಚಾರಿಸಿ.

ಇನ್ನು ಸೇರಿಸುವಾಗ ತುಂಬಿಸಬೇಕಾದ ಹೋಮ್ ಲ್ಯಾಂಗ್ವೇಜ್ ಸರ್ವೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವುದು ಮಾತಾಡುತ್ತದೆ, ನೀವು ಮಗುವಿನ ಜೊತೆ ಯಾವುದು ಮಾತಾಡ್ತೀರಿ, ಮನೆಯ ದೊಡ್ಡವರು ಯಾವುದು ಅಂತ ನಾಲ್ಕು ಪ್ರಶ್ನೆ. "ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲಾಂದ್ರೆ ಮಗೂನ ಹಿಂದೆ ಹಾಕ್ತಾರೆ" ಅಂತ ನಮ್ಮಲ್ಲಿ ಸಲಹೆ ಕೊಡೋರು ಬಹಳ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡಲು ಎಲ್‌ಪ್ಯಾಕ್ ಅನ್ನುವ ಪರೀಕ್ಷೆ ಮಾಡುತ್ತಾರೆ, ಅಷ್ಟೇ. ಕಿಂಡರ್‌ಗಾರ್ಟನ್ ಮಗುವನ್ನು ಒಬ್ಬರೇ ಎದುರು ಕೂರಿಸಿಕೊಂಡು, ಚಿತ್ರ ತೋರಿಸಿ, ಇದರಲ್ಲಿ ಏನು ನಡೀತಿದೆ ಅಂತ ಕೇಳುತ್ತಾರೆ. ಇಂಗ್ಲಿಷ್ ಚೆನ್ನಾಗಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಇಂಗ್ಲಿಷ್ ಕಲಿಯಲು ಮಗುವಿಗೆ ಕಾನೂನಿನ ಪ್ರಕಾರ ಸಹಾಯ ಸಿಗುತ್ತದೆ. ಸುಳ್ಳು ಬರೆದು ಅದನ್ನು ಯಾಕೆ ಕಳೆದುಕೊಳ್ಳಬೇಕು? ಮನೆಯಲ್ಲಿ ಕನ್ನಡವೇ ಆಡಿಸಿ ಬೆಳೆಸಿದ ಮಗುವಿಗೆ ಮೊದಲ ಕೆಲವು ತಿಂಗಳು ಆ ಆಸರೆ ಬೇಕಾಗಬಹುದು.

ಶಾಲೆಗಳನ್ನು ಹೋಲಿಸುವಾಗ ನಾನು ಎಲ್ಲಕ್ಕಿಂತ ಜಾಸ್ತಿ ಕೇಳೋದೂ ಇದನ್ನೇ. ಆ ಸಹಾಯವನ್ನು ಕ್ಲಾಸಿನೊಳಗೇ ಕೊಡ್ತೀರಾ, ಹೊರಗೆ ಕರೆದುಕೊಂಡು ಹೋಗ್ತೀರಾ? ಹೊರಗೆ ಕರೆದರೆ ಯಾವ ಪಾಠ ತಪ್ಪುತ್ತೆ? ವಿವರವಾಗಿ ಉತ್ತರ ಕೊಡುವ ಸ್ಕೂಲಿನ ರೇಟಿಂಗ್ 7 ಇದ್ದರೂ ನಾನು ಅದನ್ನೇ ಆರಿಸ್ತೀನಿ.

ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಸ್ಕೂಲ್ ಬಿಟ್ಟ ಮೇಲಿನ ಡೇಕೇರ್ ಬಗ್ಗೆ ಈಗಲೇ ಕೇಳಿ. ಎಷ್ಟೋ ಕಡೆ ಕಿಂಡರ್‌ಗಾರ್ಟನ್ ಬೇಗ ಬಿಡುತ್ತದೆ, ವಾರದಲ್ಲಿ ಒಂದು ದಿನ ಎಲ್ಲ ಕ್ಲಾಸೂ ಬೇಗ. ಸ್ಕೂಲಿನ ಆವರಣದಲ್ಲೇ ಇರುವ ಡೇಕೇರ್‌ಗೆ ವೇಟಿಂಗ್ ಲಿಸ್ಟ್ ಉದ್ದ ಇರುತ್ತದೆ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು, ಸ್ಕೂಲಿನಲ್ಲಿ ಸೀಟು ಸಿಕ್ಕರೂ ಅಲ್ಲಿ ಜಾಗ ತಾನಾಗಿ ಬರಲ್ಲ.