ಕೈಕಸಬು ಹಿಡಿದು ನೇಪಾಳಕ್ಕೆ ಸೇವೆಗೆ ಹೋಗಬಹುದೇ?

ಪ್ರಶ್ನೆ: ವಂದನೆಗಳು ಅಣ್ಣ. ನಾನು ಉಡುಪಿ ಕಡೆಯವನು, ಐಟಿಐ ಎಲೆಕ್ಟ್ರಿಷಿಯನ್. ನೇಪಾಳದಲ್ಲಿ ಸೇವೆ ಮಾಡಬೇಕೆಂಬ ಭಾರ ಬಹಳ ದಿನದಿಂದ ಮನಸ್ಸಿನಲ್ಲಿದೆ. "ಹೆಸರಿಗೆ ಒಂದು ವೈರಿಂಗ್ ಅಂಗಡಿ ಹಾಕು, ಸಮಯವೆಲ್ಲ ಸುವಾರ್ತೆಗೆ ಕೊಡು, ಬೈಬಲ್ಲಿನ ಪೌಲನೂ ಗುಡಾರ ಹೊಲಿಯುತ್ತಿದ್ದನಲ್ಲ" ಅಂತಾರೆ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು. ನೀವು ಅಲ್ಲಿನ ಜಲವಿದ್ಯುತ್ ಯೋಜನೆಗಳಲ್ಲಿ ದುಡಿದವರು. ಏನು ಹೇಳ್ತೀರಿ?

ಉತ್ತರ: ತಮ್ಮಾ, ಹೆಸರಿಗೆ ಅಂಗಡಿ ಹಾಕುವುದಾದರೆ ಹೋಗಲೇಬೇಡ. ಪೌಲನನ್ನು ಅದಕ್ಕೆ ಸಾಕ್ಷಿಗೆ ಕರೆಯುವುದೂ ಬೇಡ. ಕೊರಿಂಥದಲ್ಲಿ ಅವನು ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದುಕೊಂಡು ನಿಜವಾಗಿಯೂ ಗುಡಾರ ಮಾಡಿ ಊಟ ಮಾಡಿದವನು. ಯಾರಿಗೂ ಹೊರೆಯಾಗಬಾರದೆಂದು ಹಗಲಿರುಳು ದುಡಿದೆವು ಅಂತ ಥೆಸಲೊನೀಕದವರಿಗೆ ಬರೆದದ್ದೂ ಅವನೇ.

ನೇಪಾಳದಲ್ಲಿ ಈ ದಾರಿ ತೋರಿಸಿದವರಿದ್ದಾರೆ. 1954ರಲ್ಲಿ ಹಲವು ಕ್ರೈಸ್ತ ಮಿಷನ್‌ಗಳು ಸೇರಿ ನಡೆಸಿದ ಯುನೈಟೆಡ್ ಮಿಷನ್ ಟು ನೇಪಾಳ್ ಆರಂಭವಾಯಿತು. ಮತಾಂತರಕ್ಕೆ ಕೈ ಹಾಕುವುದಿಲ್ಲ ಎಂಬ ಷರತ್ತು ಸರ್ಕಾರದ ಜೊತೆಗಿನ ಅವರ ಕರಾರಿನಲ್ಲೇ ಇತ್ತು. ಅಲ್ಲಿನ ತಾನ್ಸೇನ್ ಎಂಬ ಊರಿನಲ್ಲಿ ಆಸ್ಪತ್ರೆ ಕಟ್ಟಲು ಬಂದ ನಾರ್ವೆಯ ಇಂಜಿನಿಯರ್ ಓಡ್ ಹೊಫ್ಟುನ್, 1963ರಲ್ಲಿ ಬುಟ್ವಲ್‌ನಲ್ಲಿ ತಾಂತ್ರಿಕ ತರಬೇತಿ ಶಾಲೆ ತೆರೆದರು. ಹುಡುಗರು ವರ್ಕ್‌ಶಾಪಿನಲ್ಲಿ ದುಡಿಯುತ್ತಲೇ ಕಸಬು ಕಲಿತರು. ಮುಂದೆ ತಿನಾವು ನದಿಯ ಒಂದು ಮೆಗಾವಾಟ್ ಜಲವಿದ್ಯುತ್ ಸ್ಥಾವರ, ಆಮೇಲೆ ಆಂಧಿಖೋಲಾ, ಝಿಮ್ರುಕ್ ಯೋಜನೆಗಳು. ಸುರಂಗ ಕೊರೆಯುವುದರಿಂದ ಹಿಡಿದು ಕಂಪನಿ ನಡೆಸುವವರೆಗೆ ನೇಪಾಳಿಗಳೇ ಕಲಿತರು. ಇದನ್ನು ನಾನು ಸೇವೆ ಎನ್ನುತ್ತೇನೆ.

ಕಾನೂನನ್ನು ಚೆನ್ನಾಗಿ ತಿಳಿದುಕೋ. ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಹಾಗಾಗಿ ಎಲ್ಲವೂ ಸಲೀಸು ಅನ್ನಿಸುತ್ತದೆ. ಆದರೆ 2015ರ ಸಂವಿಧಾನವೇ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರಿಂದ ಜಾರಿಯಲ್ಲಿರುವ ದಂಡಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಹೊರದೇಶದವನಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನೀನು ಬಸ್ಸು ಹತ್ತಿ ಊರಿಗೆ ಬಂದುಬಿಡುತ್ತೀಯ. ನಿನ್ನ ಜೊತೆ ಪ್ರಾರ್ಥನೆಗೆ ಕೂತ ಆ ಊರಿನ ಕುಟುಂಬ ಎಲ್ಲಿಗೆ ಹೋಗಬೇಕು? ಸೇವೆಯ ಫೋಟೋ, ವಿಡಿಯೊ ಸಭೆಯ ವಾಟ್ಸಾಪ್ ಗುಂಪಿಗೆ ಹಾಕುವವರಿಗೆ ಈ ಮಾತು ಯಾಕೋ ಹೊಳೆಯುವುದೇ ಇಲ್ಲ. ನನಗೆ ಇದು ಬಹಳ ನೋವಿನ ವಿಷಯ.

ಹಾಗಾದರೆ ನಂಬಿಕೆಗೆ ಸಾಕ್ಷಿ ಎಲ್ಲಿ ಅನ್ನುತ್ತೀಯಾ? ಗುಡ್ಡದ ಕಲ್ಲುನೆಲದಲ್ಲಿ ಅರ್ಥಿಂಗ್ ಗುಂಡಿ ತೋಡುವುದು ಎಂಥ ಕಷ್ಟ ಅಂತ ನಿನಗೆ ಗೊತ್ತು. ಮೊಣಕಾಲುದ್ದ ಅಗೆದು, ಪೈಪು ಮುಚ್ಚಿಟ್ಟು, ದುಡ್ಡು ತೆಗೆದುಕೊಂಡರೆ ಕೇಳುವವರಿಲ್ಲ. ಎರಡು ದಿನ ಹೆಚ್ಚು ಹಿಡಿದರೂ ಬೇಕಾದಷ್ಟು ಆಳಕ್ಕೆ ಹೋಗಿ, ಇದ್ದಿಲು-ಉಪ್ಪು ತುಂಬಿ, ವೈರಿನ ಇನ್ಸುಲೇಶನ್ ನೋಡುವ ಮೆಗ್ಗರ್ ಅಲ್ಲ, ಅರ್ಥಿಂಗಿನ ರೋಧ ತೋರಿಸುವ ಅರ್ಥ್ ಟೆಸ್ಟರ್ ಇಟ್ಟು ಅಳೆದು ಮನೆಯವರಿಗೇ ತೋರಿಸು. ಆ ಮನೆಯ ಮಕ್ಕಳು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರು. "ನೀವು ಯಾಕೆ ಹೀಗೆ?" ಅಂತ ಅವರಾಗಿಯೇ ಕೇಳಿದ ದಿನ ನಿನ್ನ ನಂಬಿಕೆ ಏನೆಂದು ಮುಚ್ಚುಮರೆಯಿಲ್ಲದೆ ಹೇಳು. ಒತ್ತಾಯವೂ ಬೇಡ, ಆಮಿಷವೂ ಬೇಡ.

ಮತ್ತೊಬ್ಬರು: ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಮಾಡಿದ್ದೂ ಇದೇ ಅಲ್ಲವೇ ಸರ್?

ಉತ್ತರ: ಸ್ವಲ್ಪ ಬೇರೆ. 1865ರಲ್ಲಿ ಪ್ಲೆಬ್ಸ್ಟ್ ಅವರು ಹಂಚಿನ ಕಾರ್ಖಾನೆ ಶುರುಮಾಡಿದಾಗ ಕಾರ್ಖಾನೆ ಮಿಷನ್ನಿನದೇ. ಕ್ರೈಸ್ತರಾಗಿ ಜಾತಿ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಅನ್ನದ ದಾರಿಯಾಯಿತು, ಅದು ದೊಡ್ಡ ಉಪಕಾರ. ಆದರೆ ಕೆಲಸ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದಾಗ "ಸಂಬಳಕ್ಕಾಗಿ ಬಂದವರು" ಎಂಬ ಮಾತು ತಪ್ಪುವುದಿಲ್ಲ. ನೀನು ನಾಳೆ ನೇಪಾಳದಲ್ಲಿ ಹೆಲ್ಪರ್ ಇಟ್ಟುಕೊಂಡರೆ ಇದನ್ನು ನೆನಪಿಡು ತಮ್ಮಾ.

ಮೊದಲು ಕೇಳಿದವರು: ಸರಿ ಅಣ್ಣ. ಮೊದಲು ಏನು ಮಾಡಲಿ?

ಉತ್ತರ: ನೇಪಾಳಿ ಕಲಿ. ಹಿಂದಿ ಓದಲು ಬರುವವನಿಗೆ ಲಿಪಿ ಹೊಸದಲ್ಲ. ಅಲ್ಲಿನ ಸಭೆಯ ಹಿರಿಯರು ಬಾ ಅನ್ನುವವರೆಗೆ ಅಂಗಡಿಗೆ ಮುಂಗಡ ಕೊಡಬೇಡ.